ಹಳೆಯ ಸ್ಟೇಷನ್ ವ್ಯಾಗನ್‌ನ ಹಿಂಬಾಗಿಲ ಲಾಕ್ ಜಾಮ್ ಆದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಸ್ಟೇಷನ್ ವ್ಯಾಗನ್ (ಛಾವಣಿ ಹಿಂದಿನ ತುದಿಯವರೆಗೂ ಚಾಚಿರುವ ಕಾರು) ಇಟ್ಟುಕೊಂಡವರಿಗೆ ಹಿಂಬಾಗಿಲ ಲಾಕ್ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಕೀ ತಿರುಗಲ್ಲ, ಹ್ಯಾಂಡಲ್ ಕಲ್ಲಿನಂತೆ ಬಿಗಿ, ಬಾಗಿಲು ಒಂದೇ ಸಲಕ್ಕೆ ಕೂರಲ್ಲ, ಕೂತರೆ ಏಳಲ್ಲ. ಆದರೆ ಇಂಥ ಲಾಕ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ, ಒಳಗೆ ಕೊಳೆ ತುಂಬಿರುತ್ತದೆ ಅಷ್ಟೇ. ಹಾಗಾಗಿ ಹೊಸ ಲಾಕ್ ಹುಡುಕುವ ಮೊದಲು, ಸ್ಪ್ರೇ ಡಬ್ಬಿ ಎತ್ತಿಕೊಳ್ಳುವುದಕ್ಕೂ ಮೊದಲು, ಅದು ಎಲ್ಲಿ ಹಿಡಿಯುತ್ತಿದೆ ಅಂತ ಪತ್ತೆ ಮಾಡಿ. ಈ ಪುಟದಲ್ಲಿರುವ ಮುಕ್ಕಾಲು ಪಾಲು ಉತ್ತರಗಳು ಅದೇ ಪತ್ತೆ ಕೆಲಸದ ಬಗ್ಗೆ.

ಬೇರೆ ಬಾಗಿಲುಗಳೆಲ್ಲ ಚೆನ್ನಾಗೇ ಇವೆ. ಹಿಂಬಾಗಿಲ ಲಾಕೇ ಯಾಕೆ ಮೊದಲು ಹಾಳಾಗುತ್ತದೆ?

ಅದು ಇರುವ ಜಾಗ ಹಾಗಿದೆ. ವ್ಯಾಗನ್‌ನ ಹಿಂಭಾಗ ಹೆಚ್ಚುಕಡಿಮೆ ಗೋಡೆಯಂತೆ ನೇರ. ಗಾಡಿ ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಚಕ್ರಗಳು ಎಬ್ಬಿಸಿದ ಧೂಳು, ಕೆಸರು ನೀರು ಎಲ್ಲ ಆ ಕಡೆಗೇ ಎಳೆದುಕೊಂಡು ಬಂದು ಬಾಗಿಲ ಮೇಲೆ ಕೂರುತ್ತದೆ. ವ್ಯಾಗನ್‌ಗಳಿಗೆ ಹಿಂದಿನ ಗಾಜಿಗೂ ವೈಪರ್ ಬೇಕಾಗುವುದು ಇದೇ ಕಾರಣಕ್ಕೆ.

ಇನ್ನೊಂದು ಕಾರಣ, ಮೇಲಕ್ಕೆ ಎತ್ತುವ ಬಾಗಿಲಿನಲ್ಲಿ ಲ್ಯಾಚ್, ಅಂದರೆ ಬಾಗಿಲನ್ನು ಹಿಡಿದಿಡುವ ಕೊಂಡಿ, ಇರುವುದು ತೀರಾ ಕೆಳ ಅಂಚಿನಲ್ಲಿ. ಗಾಜಿನ ಬೀಡಿಂಗ್ ಸಂದಿಯಿಂದ ಇಳಿದ ನೀರು ಕೊನೆಗೆ ಬಂದು ಸೇರುವುದು ಅಲ್ಲಿಗೇ. ಆ ನೀರು ಹೊರಗೆ ಹೋಗಲಿ ಅಂತ ಬಾಗಿಲ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿಕೊಂಡು ಮುಚ್ಚಿದರೆ ಲ್ಯಾಚ್ ದಿನಗಟ್ಟಲೆ ತೇವದಲ್ಲೇ ಇರುತ್ತದೆ. ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸ್ ವರ್ಷಗಳು ಕಳೆದಂತೆ ಒಣಗಿ ಮೇಣದ ಹಾಗೆ ಗಟ್ಟಿಯಾಗುತ್ತದೆ. ಅದರೊಳಗೆ ಧೂಳು ಸೇರಿತೋ, ಲಾಕ್ ಹಿಡಿದುಕೊಂಡಿತು ಅಂತಲೇ ಲೆಕ್ಕ.

‘ಲಾಕ್’ ಅಂದರೆ ಒಳಗೆ ಏನೇನಿದೆ?

ನಾವು ಲಾಕ್ ಅನ್ನುವುದು ಒಂದು ಭಾಗವಲ್ಲ, ಒಂದಕ್ಕೊಂದು ಕೊಂಡಿ ಹಾಕಿಕೊಂಡ ಹಲವು ಭಾಗಗಳು. ಕೀ ಹಾಕುವ ತೂತಿನ ಹಿಂದೆ ಹಿತ್ತಾಳೆ ಅಥವಾ ಸತುವಿನ ಮಿಶ್ರಲೋಹದ ಬ್ಯಾರೆಲ್ ಇರುತ್ತದೆ. ಅದರಿಂದ ಹಾಗೂ ಹ್ಯಾಂಡಲ್‌ನಿಂದ ತೆಳು ಕಬ್ಬಿಣದ ರಾಡ್‌ಗಳು ಹೊರಟು ಲ್ಯಾಚ್‌ಗೆ ಹೋಗುತ್ತವೆ. ರಾಡ್‌ನ ತುದಿಗಳನ್ನು ಹಿಡಿದಿಡುವುದು ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಕ್ಲಿಪ್‌ಗಳು. ಸೆಂಟ್ರಲ್ ಲಾಕಿಂಗ್ ಇದ್ದರೆ ಒಂದು ಆಕ್ಚುಯೇಟರ್ (ರಾಡ್ ಆಡಿಸುವ ಸಣ್ಣ ಯಂತ್ರ) ಕೂಡ ಇದೇ ರಾಡ್‌ಗಳನ್ನು ಎಳೆಯುತ್ತದೆ, ದೂಡುತ್ತದೆ.

ಲ್ಯಾಚ್‌ನಲ್ಲಿ ಮುಖ್ಯವಾದವು ಎರಡು. ಒಂದು, ಏಡಿಯ ಕೊಂಡಿಯಂತೆ ಬಾಯಿ ತೆರೆದು ನಿಂತಿರುವ ಕ್ಲಾ. ಇನ್ನೊಂದು, ಆ ಕ್ಲಾ ವಾಪಸ್ ತಿರುಗದಂತೆ ಅಡ್ಡ ನಿಲ್ಲುವ ಪಾಲ್. ಬಾಡಿಯ ಮೇಲೆ ಕೂತಿರುವ ಗಟ್ಟಿ ಬಳೆಗೆ ಸ್ಟ್ರೈಕರ್ ಅನ್ನುತ್ತಾರೆ. ಬಾಗಿಲು ಹಾಕಿದಾಗ ಸ್ಟ್ರೈಕರ್ ಬಂದು ಕ್ಲಾವನ್ನು ತಳ್ಳುತ್ತದೆ, ಕ್ಲಾ ತಿರುಗುತ್ತದೆ, ಪಾಲ್ ಟಕ್ ಅಂತ ಅಡ್ಡ ಬೀಳುತ್ತದೆ. ಬಹಳಷ್ಟು ಲ್ಯಾಚ್‌ಗಳಲ್ಲಿ ಇದು ಎರಡು ಹಂತ. ಮೊದಲ ಟಕ್‌ಗೆ ಅರ್ಧ ಲಾಕ್, ಎರಡನೆಯದಕ್ಕೆ ಪೂರ್ತಿ. ಹ್ಯಾಂಡಲ್ ಎಳೆದಾಗ ನಾವು ಮಾಡುವುದು ಪಾಲ್ ಅನ್ನು ಪಕ್ಕಕ್ಕೆ ಸರಿಸುವುದು, ಅಷ್ಟೇ. ಆಮೇಲೆ ಕ್ಲಾವನ್ನು ಬಿಚ್ಚುವುದು ಸ್ಪ್ರಿಂಗ್ ಕೆಲಸ.

ತೊಂದರೆ ಎಲ್ಲಿದೆ ಅಂತ ಕಂಡುಹಿಡಿಯುವುದು ಹೇಗೆ?

ಬಾಗಿಲು ಈಗ ತೆರೆದಿದೆ ಅಂದುಕೊಳ್ಳೋಣ. ಅದನ್ನು ಮುಚ್ಚಲೇಬೇಡಿ. ತೆರೆದಿಟ್ಟೇ ಮಾಡುವ ಒಂದು ಪರೀಕ್ಷೆ ಇದೆ. ನನ್ನ ಪ್ರಕಾರ ಈ ಪುಟದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ವಿಷಯ ಇದೇ.

ದಪ್ಪ ಸ್ಕ್ರೂಡ್ರೈವರ್‌ನ ಕಡ್ಡಿಯನ್ನು ಸ್ಟ್ರೈಕರ್ ಅಂದುಕೊಂಡು ಕ್ಲಾದ ಬಾಯೊಳಗೆ ಇಟ್ಟು ನಿಧಾನವಾಗಿ ಒತ್ತಿ. ಮೊದಲ ಟಕ್ ಕೇಳಬೇಕು, ಇನ್ನಷ್ಟು ಒತ್ತಿದರೆ ಎರಡನೆಯದು. ಎರಡೂ ಸ್ಪಷ್ಟವಾಗಿ ಕೇಳಬೇಕು. ಈಗ ಹೊರಗಿನ ಹ್ಯಾಂಡಲ್ ಎಳೆಯಿರಿ. ಕ್ಲಾ ಒಮ್ಮೆಲೇ ಚಿಮ್ಮಿ ಪೂರ್ತಿ ತೆರೆದುಕೊಳ್ಳಬೇಕು. ಇದನ್ನು ಹಲವು ಸಲ ಮಾಡಿ, ಕಿವಿಗೊಟ್ಟು ಕೇಳಿ.

ಕ್ಲಾ ಸೋಮಾರಿಯಂತೆ ನಿಧಾನಕ್ಕೆ ತಿರುಗಿದರೆ, ಅಥವಾ ಅರ್ಧಕ್ಕೇ ನಿಂತರೆ, ಕೊಳೆ ಇರುವುದು ಲ್ಯಾಚ್‌ನಲ್ಲಿ. ಕ್ಲಾ ಚೆನ್ನಾಗಿ ಹಿಡಿಯುತ್ತದೆ, ಆದರೆ ಹ್ಯಾಂಡಲ್ ಎಳೆದರೆ ಬಿಡಲ್ಲ. ಆಗ ಲ್ಯಾಚ್‌ನ ಮೇಲಿರುವ ಸಣ್ಣ ಲಿವರ್ ಅನ್ನು ನೇರವಾಗಿ ಬೆರಳಲ್ಲೋ ಸ್ಕ್ರೂಡ್ರೈವರ್‌ನಲ್ಲೋ ಸರಿಸಿ ನೋಡಿ. ಅದಕ್ಕೆ ಬಿಟ್ಟರೆ ದೋಷ ರಾಡ್‌ನಲ್ಲಿ, ಕ್ಲಿಪ್‌ನಲ್ಲಿ ಅಥವಾ ಹ್ಯಾಂಡಲ್‌ನಲ್ಲಿ. ತೆರೆದಿಟ್ಟಾಗ ಎಲ್ಲವೂ ಸಲೀಸಾಗಿದ್ದು ಬಾಗಿಲು ಹಾಕಿದಾಗ ಮಾತ್ರ ತಕರಾರು ಮಾಡುತ್ತದೆಯಾ? ಹಾಗಾದರೆ ಲಾಕ್‌ಗೆ ಏನೂ ಆಗಿಲ್ಲ. ಸ್ಟ್ರೈಕರ್ ಜಾಗ ತಪ್ಪಿದೆ, ಅಥವಾ ಬಾಗಿಲು ಜೋತುಬಿದ್ದಿದೆ.

ಒಂದು ಎಚ್ಚರಿಕೆ. ಪರೀಕ್ಷೆ ಮುಗಿದ ಮೇಲೆ ಕ್ಲಾ ಪೂರ್ತಿ ತೆರೆದಿದೆಯಾ ಅಂತ ನೋಡಿಯೇ ಬಾಗಿಲು ಹಾಕಿ. ಕ್ಲಾ ಮುಚ್ಚಿರುವಾಗ ಬಾಗಿಲು ಬಡಿದರೆ ಸ್ಟ್ರೈಕರ್ ಬಾಗಬಹುದು, ಲ್ಯಾಚ್ ಸೀಳಬಹುದು.

ಬಾಗಿಲು ಮುಚ್ಚಿದಲ್ಲೇ ಜಾಮ್ ಆಗಿದೆ. ಈಗ ತೆಗೆಯುವುದು ಹೇಗೆ?

ಮೊದಲು ಜಗ್ಗಾಡುವುದನ್ನು ನಿಲ್ಲಿಸಿ. ಹ್ಯಾಂಡಲ್‌ಗಳು ಮುರಿಯುವುದು ಹೆಚ್ಚಾಗಿ ಈ ಹೊತ್ತಿನಲ್ಲೇ.

ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಲಾಕ್ ಇರುವ ಜಾಗದ ಮೇಲೆ ಅಂಗೈ ಇಟ್ಟು ಬಾಗಿಲನ್ನು ಒಳಕ್ಕೆ, ಸ್ವಲ್ಪ ಕೆಳಕ್ಕೆ ಒತ್ತಿ ಹಿಡಿಯಲಿ. ಇನ್ನೊಬ್ಬರು ಅದೇ ಹೊತ್ತಿಗೆ ಕೀ ತಿರುಗಿಸಿ ಹ್ಯಾಂಡಲ್ ಎಳೆಯಲಿ. ಮುಚ್ಚಿದ ಬಾಗಿಲನ್ನು ಸುತ್ತಲಿನ ರಬ್ಬರ್ ಯಾವಾಗಲೂ ಹೊರಕ್ಕೆ ದೂಡುತ್ತಿರುತ್ತದೆ. ಆ ಒತ್ತಡವೆಲ್ಲ ಪಾಲ್‌ನ ತುದಿಯ ಮೇಲೆ ಬೀಳುತ್ತದೆ. ನೀವು ಒಳಕ್ಕೆ ಒತ್ತಿದಾಗ ಪಾಲ್ ಹಗುರಾಗಿ ಸರಿಯಲು ದಾರಿಯಾಗುತ್ತದೆ. ಹೀಗೆ ತೆರೆದುಕೊಂಡರೆ ಸ್ಟ್ರೈಕರ್ ಬಿಗಿಯಾಗಿದೆ ಅನ್ನುವ ಸುಳಿವೂ ಸಿಕ್ಕಿತು.

ಗಾಡಿ ಒಂದು ಚಕ್ರ ಮೇಲೆ, ಒಂದು ಕೆಳಗೆ ಅನ್ನುವಂತೆ ನಿಂತಿದ್ದರೆ ಸಮತಟ್ಟಾದ ಜಾಗಕ್ಕೆ ತನ್ನಿ. ವ್ಯಾಗನ್‌ನ ಹಿಂದಿನ ತೆರೆದ ಬಾಯಿ ದೊಡ್ಡದು. ಬಾಡಿ ಒಂಚೂರು ತಿರುಚಿಕೊಂಡರೂ ಲಾಕ್ ಹಿಡಿಯುತ್ತದೆ. ಒಳಗಿನ ಸಾಮಾನು ಬಾಗಿಲಿಗೆ ಒತ್ತಿಕೊಂಡಿದ್ದರೆ ಅದನ್ನೂ ಸರಿಸಿ.

ಇದ್ಯಾವುದಕ್ಕೂ ಬಗ್ಗದಿದ್ದರೆ ಒಳಗಿನಿಂದ ಹೋಗಬೇಕು. ಹಿಂದಿನ ಸೀಟು ಮಡಚಿ, ಟಾರ್ಚ್ ಹಿಡಿದು ಒಳಗೆ ತೂರಿ. ಕೆಲವು ಗಾಡಿಗಳಲ್ಲಿ ಒಳ ಪ್ಯಾನಲ್‌ನ ಕೆಳಭಾಗದಲ್ಲಿ ಸಣ್ಣ ಮುಚ್ಚಳವೋ ತೂತೋ ಇರುತ್ತದೆ. ಅದರೊಳಗೆ ಸ್ಕ್ರೂಡ್ರೈವರ್ ಹಾಕಿ ಲ್ಯಾಚ್‌ನ ಲಿವರ್ ಪಕ್ಕಕ್ಕೆ ಸರಿಸಿದರೆ ಬಾಗಿಲು ಬಿಡುತ್ತದೆ. ಗಾಡಿಯ ಮ್ಯಾನುವಲ್‌ನಲ್ಲಿ ಈ ತೂತಿನ ಜಾಗ ಕೊಟ್ಟಿರುತ್ತಾರೆ. ತೂತು ಇಲ್ಲದಿದ್ದರೆ ಪ್ಯಾನಲ್ ಬಿಚ್ಚಲೇಬೇಕು. ಬಾಗಿಲು ಮುಚ್ಚಿದ್ದಾಗ ಅದು ಕಷ್ಟದ ಕೆಲಸ. ಆದರೂ ಹೊರಗಿನಿಂದ ರಾಡು ಸಲಾಕೆ ಹಾಕಿ ಮೀಟುವುದಕ್ಕಿಂತ ಇದು ಸಾವಿರ ಪಾಲು ವಾಸಿ. ಮೀಟಿದರೆ ತಗಡು ಬಾಗುತ್ತದೆ, ಪೇಂಟ್ ಹೋಗುತ್ತದೆ, ಗಾಜೂ ಒಡೆಯಬಹುದು.

ಡಬ್ಲ್ಯೂಡಿ-40 ಹೊಡೆದರೆ ಸಾಕಲ್ವಾ?

ಈ ಸ್ಪ್ರೇ ಹಿಡಿದುಕೊಂಡದ್ದನ್ನು ಬಿಡಿಸಲು ಸಾಕು. ಸರಿಪಡಿಸಲು ಸಾಲದು. 1953ರಲ್ಲಿ ಅದನ್ನು ತಯಾರಿಸಿದ್ದೇ ನೀರನ್ನು ದೂಡಿ ತುಕ್ಕು ತಡೆಯಲು. ಗಟ್ಟಿಯಾದ ಗ್ರೀಸ್ ಕರಗಿಸಲು, ತುಕ್ಕು ಸಡಿಲಿಸಲು ಅದು ಒಳ್ಳೆಯದೇ. ಆದರೆ ಅದರಲ್ಲಿರುವ ತೆಳು ದ್ರಾವಕ ಆರಿಹೋದ ಮೇಲೆ ಉಳಿಯುವುದು ತೆಳ್ಳಗಿನ ಎಣ್ಣೆ ಪದರ ಮಾತ್ರ. ಕರಗಿದ ಹಳೇ ಗ್ರೀಸ್ ಎಲ್ಲಿಗೂ ಹೋಗಿರುವುದಿಲ್ಲ, ಇನ್ನೂ ಒಳಗೆ ಹರಡಿಕೊಂಡಿರುತ್ತದೆ. ಕೆಲವು ವಾರ ಲಾಕ್ ಬೆಣ್ಣೆಯಂತೆ ಕೆಲಸ ಮಾಡಿ ಆಮೇಲೆ ಮೊದಲಿಗಿಂತ ಜಾಸ್ತಿ ಹಿಡಿಯುವುದು ಇದಕ್ಕೇ.

ಸ್ಪ್ರೇ ಹೊಡೆದು ಬಿಡಿಸಿ, ಆಮೇಲೆ ಆ ಕೊಳೆಯನ್ನು ತೊಳೆದು ತೆಗೆಯಿರಿ, ಕೊನೆಗೆ ಜಾಗಕ್ಕೆ ತಕ್ಕ ಜಿಡ್ಡು ಹಾಕಿ. ಲ್ಯಾಚ್‌ಗೆ ವೈಟ್ ಲಿಥಿಯಂ ಗ್ರೀಸ್. ಕೀ ಬ್ಯಾರೆಲ್‌ಗೆ ಒಣ ಪಿಟಿಎಫ್ಇ (ಟೆಫ್ಲಾನ್) ಸ್ಪ್ರೇ ಅಥವಾ ಗ್ರಾಫೈಟ್ ಪುಡಿ. ಬಾಗಿಲ ರಬ್ಬರ್‌ಗೆ ಸಿಲಿಕೋನ್. ಒಂದರ ಜಾಗದಲ್ಲಿ ಇನ್ನೊಂದು ಬೇಡ. ಮುಖ್ಯವಾಗಿ, ಎಣ್ಣೆ ಹೋಗಿರುವ ಬ್ಯಾರೆಲ್‌ಗೆ ಗ್ರಾಫೈಟ್ ಹಾಕಬೇಡಿ. ಎರಡೂ ಸೇರಿ ಕಪ್ಪು ಕೆಸರಾಗುತ್ತದೆ. ಮೊದಲೇ ಎಣ್ಣೆ ಬಿಟ್ಟಿದ್ದರೆ ತೊಳೆದು ಒಣಗಿಸಿ ಪಿಟಿಎಫ್ಇ ಬಳಸಿ.

ಕೀ ಒಳಗೆ ಹೋಗುತ್ತದೆ, ಆದರೆ ತಿರುಗಲ್ಲ.

ಇದು ಬ್ಯಾರೆಲ್‌ನ ಸಮಸ್ಯೆ, ಅಥವಾ ಕೀಯದ್ದೇ. ಬ್ಯಾರೆಲ್ ಒಳಗೆ ತೆಳು ಹಿತ್ತಾಳೆ ಬಿಲ್ಲೆಗಳು ಸಾಲಾಗಿರುತ್ತವೆ, ಒಂದೊಂದರ ಹಿಂದೆಯೂ ಕೂದಲಿನಷ್ಟು ಸಣ್ಣ ಸ್ಪ್ರಿಂಗ್. ಸರಿಯಾದ ಕೀ ಹಾಕಿದಾಗ ಎಲ್ಲ ಬಿಲ್ಲೆಗಳೂ ಒಳಕ್ಕೆ ಸರಿದು ಸಮವಾಗಿ ನಿಲ್ಲಬೇಕು. ಆಗಲೇ ಬ್ಯಾರೆಲ್ ತಿರುಗುವುದು. ಒಂದೇ ಒಂದು ಬಿಲ್ಲೆ ಕೊಳೆಯಲ್ಲಿ ಸಿಕ್ಕಿಕೊಂಡರೂ ಕೀ ತಿರುಗಲ್ಲ.

ಹಳೆಯ ಗಾಡಿಗಳಲ್ಲಿ ಹಿಂಬಾಗಿಲಿಗೆ ಕೀ ಬಳಸುವುದೇ ಅಪರೂಪ. ವರ್ಷಗಟ್ಟಲೆ ಅಲ್ಲಾಡದ ಬಿಲ್ಲೆಗಳು ಅಲ್ಲಲ್ಲೇ ಹಿಡಿದುಕೊಳ್ಳುತ್ತವೆ. ಕೀ ತೂತಿಗೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು, ಕೀಯನ್ನು ನಿಧಾನವಾಗಿ ಒಳಗೆ ಹೊರಗೆ ಆಡಿಸಿ. ಹೊರಬಂದಾಗಲೆಲ್ಲ ಬಟ್ಟೆಯಲ್ಲಿ ಒರೆಸಿ. ಮೊದಮೊದಲು ಕೀ ಮೇಲೆ ಕಪ್ಪು ಮಸಿ ಬರುತ್ತದೆ. ಅದು ನಿಲ್ಲುವವರೆಗೂ ಮಾಡಿ. ಪೂರ್ತಿ ಒಣಗಿದ ಮೇಲೆ ಪಿಟಿಎಫ್ಇ ಹಾಕಿ. ಇಕ್ಕಳ ಹಿಡಿದು ಕೀ ತಿರುಗಿಸಬೇಡಿ. ತೂತಿನೊಳಗೆ ಮುರಿದ ಕೀ ತೆಗೆಯುವುದು ಈಗಿರುವುದಕ್ಕಿಂತ ದೊಡ್ಡ ತಲೆನೋವು.

ಕೀಯನ್ನೂ ನೋಡಿ. ಬಳಸಿ ಬಳಸಿ ಅದರ ಹಲ್ಲುಗಳ ಏಣು ಸವೆದು ದುಂಡಾಗಿರುತ್ತದೆ. ಸವೆದ ಕೀ ಕೊಟ್ಟು ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಹಳೇ ದಾಖಲೆಗಳ ಜೊತೆ ಕೀ ಕೋಡ್ ಇರುವ ಬಿಲ್ಲೆ ಉಳಿದಿದ್ದರೆ, ಅಥವಾ ಲಾಕ್ ಬ್ಯಾರೆಲ್ ಮೇಲೆ ನಂಬರ್ ಕೊರೆದಿದ್ದರೆ, ಆ ಕೋಡ್ ಪ್ರಕಾರವೇ ಹೊಸ ಕೀ ಮಾಡಿಸಿ. ಎಷ್ಟೋ ‘ಕೆಟ್ಟ’ ಲಾಕ್‌ಗಳು ಕೋಡ್‌ನಿಂದ ಕತ್ತರಿಸಿದ ಕೀಗೆ ತಕ್ಷಣ ತೆರೆದುಕೊಳ್ಳುತ್ತವೆ.

ಕೀ ಸುಮ್ನೆ ತಿರುಗುತ್ತದೆ, ಏನೂ ಆಗಲ್ಲ.

ರಾಡ್ ಕಳಚಿದೆ, ಅಥವಾ ಬ್ಯಾರೆಲ್ ಹಿಂದಿನ ಪಟ್ಟಿ ಮುರಿದಿದೆ. ಪ್ಯಾನಲ್ ಬಿಚ್ಚಿ ನೋಡಬೇಕು. ಬಹುತೇಕ ಸಲ ಒಂದು ಪ್ಲಾಸ್ಟಿಕ್ ಕ್ಲಿಪ್ ತುಂಡಾಗಿ ಬಾಗಿಲ ತಳದಲ್ಲಿ ಬಿದ್ದಿರುತ್ತದೆ.

ಒಳ ಪ್ಯಾನಲ್ ಮುರಿಯದೆ ಬಿಚ್ಚುವುದು ಹೇಗೆ?

ಹಳೇ ಪ್ಲಾಸ್ಟಿಕ್ ಬಿಸಿಲಿಗೆ ಒಣಗಿ ಹಪ್ಪಳವಾಗಿರುತ್ತದೆ. ಚಳಿ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಡಿ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಂತಿದ್ದರೆ ಕ್ಲಿಪ್‌ಗಳು ಮೆತ್ತಗಾಗುತ್ತವೆ. ಮೊದಲು ಕಣ್ಣಿಗೆ ಬೀಳದ ಸ್ಕ್ರೂಗಳನ್ನು ಹುಡುಕಿ. ಕೈ ಹಾಕಿ ಎಳೆಯುವ ಗುಳಿಯೊಳಗೆ, ಸಣ್ಣ ದುಂಡು ಮುಚ್ಚಳಗಳ ಅಡಿಯಲ್ಲಿ, ಕೆಳ ಅಂಚಿನಲ್ಲಿ ಅವು ಅಡಗಿರುತ್ತವೆ. ಎಲ್ಲ ಬಿಚ್ಚಿದ ಮೇಲೆ ಅಗಲ ಪ್ಲಾಸ್ಟಿಕ್ ಪಟ್ಟಿಯನ್ನು ಕ್ಲಿಪ್‌ನ ಪಕ್ಕದಲ್ಲೇ ತೂರಿಸಿ ಎತ್ತಿ. ಕ್ಲಿಪ್‌ನಿಂದ ದೂರದಲ್ಲಿ ಹಿಡಿದು ಎಳೆದರೆ ಪ್ಯಾನಲ್ ಸೀಳುತ್ತದೆ.

ಪ್ಯಾನಲ್ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಅದನ್ನು ಹರಿದು ಬಿಸಾಡಬೇಡಿ. ಬಾಗಿಲೊಳಗೆ ಇಳಿಯುವ ನೀರು ಪ್ಯಾನಲ್‌ಗೂ ಡಿಕ್ಕಿಗೂ ಬರದಂತೆ ತಡೆಯುವುದು ಅದೇ. ನಿಧಾನಕ್ಕೆ ಸುಲಿದು, ಕೆಲಸ ಮುಗಿದ ಮೇಲೆ ಅದೇ ಜಾಗಕ್ಕೆ ಅಂಟಿಸಿ.

ಲ್ಯಾಚ್ ತೊಳೆಯುವುದನ್ನು ಸ್ವಲ್ಪ ವಿವರವಾಗಿ ಹೇಳಿ.

ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ. ಯಾವ ರಾಡ್ ಯಾವ ತೂತಿಗೆ, ಯಾವುದು ಮುಂದೆ, ಯಾವುದು ಹಿಂದೆ, ಎಲ್ಲ ಕಾಣಬೇಕು. ಬಿಚ್ಚಿದ ಮೇಲೆ ಎಲ್ಲ ರಾಡ್‌ಗಳೂ ಒಂದೇ ಥರ ಕಾಣುತ್ತವೆ. ಲ್ಯಾಚ್ ಕೂತಿರುವ ಜಾಗದ ಸುತ್ತ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಬೋಲ್ಟ್ ತೂತುಗಳು ಸಾಮಾನ್ಯವಾಗಿ ದೊಡ್ಡದಿರುತ್ತವೆ. ಗೆರೆ ಇಲ್ಲದಿದ್ದರೆ ವಾಪಸ್ ಕೂರಿಸುವಾಗ ಜಾಗ ತಪ್ಪುತ್ತದೆ.

ರಾಡ್‌ನ ಕ್ಲಿಪ್‌ಗಳನ್ನು ಎಳೆಯಬೇಡಿ. ಹೆಚ್ಚಿನ ಕ್ಲಿಪ್‌ಗಳಲ್ಲಿ ರಾಡ್ ಹಿಡಿದಿರುವ ಒಂದು ತೋಳು ಇರುತ್ತದೆ. ಅದನ್ನು ರಾಡ್ ಮೇಲಿನಿಂದ ತಿರುಗಿಸಿ ಬಿಡಿಸಿದರೆ ರಾಡ್ ತಾನೇ ಹೊರಬರುತ್ತದೆ. ವೈರ್ ಕನೆಕ್ಟರ್ ಇದ್ದರೆ ಬ್ಯಾಟರಿ ಕಳಚಿ, ಆಮೇಲೆ ಅದನ್ನು ಬಿಡಿಸಿ. ಕೆಲವು ಹಳೇ ರೇಡಿಯೊಗಳು ಬ್ಯಾಟರಿ ತೆಗೆದರೆ ಕೋಡ್ ಕೇಳುತ್ತವೆ. ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಹೊರಬಂದ ಲ್ಯಾಚ್ ಅನ್ನು ಟ್ರೇಯಲ್ಲಿಟ್ಟು ಬ್ರೇಕ್ ಕ್ಲೀನರ್ ಅಥವಾ ಸೀಮೆಎಣ್ಣೆಯಿಂದ ತೊಳೆಯಿರಿ. ಗಾಳಿಯಾಡುವ ಜಾಗ ಬೇಕು, ಹತ್ತಿರ ಬೆಂಕಿ ಇರಬಾರದು, ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಹಾಕಿ. ಕ್ಲೀನರ್ ಪೇಂಟ್‌ಗೆ ತಾಗದಿರಲಿ. ಲ್ಯಾಚ್ ಮೇಲೆ ಸಣ್ಣ ಸ್ವಿಚ್ ಇದ್ದರೆ, ಆಗುವುದಾದರೆ ಅದನ್ನು ಬಿಚ್ಚಿಟ್ಟೇ ತೊಳೆಯಿರಿ. ಹಳೇ ಟೂತ್‌ಬ್ರಶ್‌ನಿಂದ ಕ್ಲಾದ ಬುಡ, ಪಾಲ್‌ನ ಬುಡ, ಸ್ಪ್ರಿಂಗ್ ಸುತ್ತ ಉಜ್ಜಿ. ಉಜ್ಜುತ್ತಾ ಉಜ್ಜುತ್ತಾ ಕ್ಲಾವನ್ನು ಮುಚ್ಚಿ ತೆರೆಯುತ್ತಿರಿ. ಕಂದು ಬಣ್ಣದ, ಮರಳು ಮರಳಾದ ಅಂಟು ಸಂದಿಯಿಂದ ಹೊರಬರುವುದು ಕಾಣುತ್ತದೆ. ಅದು ಬರುತ್ತಿರುವವರೆಗೂ ಬಿಡಬೇಡಿ. ಎಲ್ಲ ಹೋದ ಮೇಲೆ ಕ್ಲಾದ ಶಬ್ದವೇ ಬದಲಾಗುತ್ತದೆ. ಮಂದವಾಗಿ ‘ತಪ್’ ಅನ್ನುತ್ತಿದ್ದದ್ದು ಚುರುಕಾಗಿ ‘ಟಕ್’ ಅನ್ನುತ್ತದೆ. ಆ ಶಬ್ದ ಕೇಳುವುದೇ ಒಂದು ಖುಷಿ.

ಪೂರ್ತಿ ಒಣಗಲು ಬಿಡಿ. ಈಗ ಪರೀಕ್ಷಿಸಿ ನೋಡಿ: ಕ್ಲಾದ ಒಳಬಾಯಲ್ಲಿ ಆಳವಾದ ಗೀರು ಬಿದ್ದಿದೆಯಾ, ಪಾಲ್‌ನ ತುದಿ ದುಂಡಾಗಿದೆಯಾ, ಸ್ಪ್ರಿಂಗ್ ಮುರಿದಿದೆಯಾ. ಎಲ್ಲ ಸರಿಯಿದ್ದರೆ ಲಿಥಿಯಂ ಗ್ರೀಸ್ ತೆಳ್ಳಗೆ ಹಚ್ಚಿ. ಲೋಹ ಲೋಹಕ್ಕೆ ತಾಗುವ ಕಡೆ ಮಾತ್ರ. ಮೆತ್ತಿದಷ್ಟೂ ಧೂಳು ಹಿಡಿಯುತ್ತದೆ. ಹಲವು ಸಲ ಮುಚ್ಚಿ ತೆರೆದು ಗ್ರೀಸ್ ಹರಡಿ, ಹೊರಗೆ ಉಕ್ಕಿದ್ದನ್ನು ಒರೆಸಿ. ವಾಪಸ್ ಹಾಕುವ ಮೊದಲು ಬಾಗಿಲ ತಳದ ನೀರಿನ ತೂತುಗಳನ್ನು ತಂತಿಯಿಂದ ಚುಚ್ಚಿ ಬಿಡಿಸಿ. ಇದನ್ನು ಬಿಟ್ಟರೆ ಇಷ್ಟು ಹೊತ್ತಿನ ಕೆಲಸ ಮುಂದಿನ ಮಳೆಗೇ ಹಾಳು.

ಜೋರಾಗಿ ಬಡಿದರೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತದೆ. ಏನು ಮಾಡಲಿ?

ಬಡಿಯುವುದನ್ನು ನಿಲ್ಲಿಸಿ, ಜೋಡಣೆ ನೋಡಿ. ಬಡಿದಷ್ಟೂ ಸ್ಟ್ರೈಕರ್ ಇನ್ನೂ ಸರಿಯುತ್ತದೆ, ಕೀಲುಗಳು ಸವೆಯುತ್ತವೆ.

ಗಾಡಿಯ ಹಿಂದೆ ಸ್ವಲ್ಪ ದೂರ ನಿಂತು ಬಾಗಿಲಿನ ಎರಡೂ ಪಕ್ಕದ ಸಂದಿ ನೋಡಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿದ್ದರೆ, ಅಥವಾ ಮೇಲೆ ಕೆಳಗೆ ಬೇರೆ ಬೇರೆಯಾಗಿದ್ದರೆ, ಬಾಗಿಲು ಜೋತಿದೆ. ಬಾಗಿಲನ್ನು ಅರ್ಧ ಎತ್ತಿ, ಅಂಚು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೀಲಿನಲ್ಲಿ ಕಟಕಟ ಅಂದರೆ ಪಿನ್ ಸವೆದಿದೆ. ಕೀಲು ಸರಿಮಾಡದೆ ಸ್ಟ್ರೈಕರ್ ಸರಿಸಿ ಪ್ರಯೋಜನವಿಲ್ಲ.

ಕೀಲು ಗಟ್ಟಿಯಾಗಿದ್ದರೆ ಸ್ಟ್ರೈಕರ್‌ಗೆ ಬನ್ನಿ. ಸ್ಟ್ರೈಕರ್ ಬಳೆಗೆ ಸ್ವಲ್ಪ ಗ್ರೀಸ್ ಸವರಿ, ಬಾಗಿಲು ಮೆಲ್ಲಗೆ ಹಾಕಿ ತೆಗೆಯಿರಿ. ಕ್ಲಾ ಎಲ್ಲಿ ತಾಗಿದೆ ಅಂತ ಗ್ರೀಸ್ ಅಳಿಸಿಹೋದ ಗುರುತು ಹೇಳುತ್ತದೆ. ಗುರುತು ಬಳೆಯ ನಡುವೆ ಇರಬೇಕು. ಒಂದು ಬದಿಗಿದ್ದರೆ ಆ ಬದಿಗೇ ಸ್ಟ್ರೈಕರ್ ಸರಿಸಬೇಕು. ಸ್ಟ್ರೈಕರ್ ಸುತ್ತ ಗೆರೆ ಎಳೆದು, ಬೋಲ್ಟ್‌ಗಳನ್ನು ಕೈಯಲ್ಲಿ ತಟ್ಟಿದರೆ ಸರಿಯುವಷ್ಟು ಮಾತ್ರ ಸಡಿಲಿಸಿ. ಒಂದು ಸಲಕ್ಕೆ 1 ಮಿಲಿಮೀಟರ್‌ಗಿಂತ ಜಾಸ್ತಿ ಬೇಡ. ಬಿಗಿ ಮಾಡಿ, ಹಾಕಿ ನೋಡಿ, ಮತ್ತೆ ಸರಿಸಿ. ಬೇಸರದ ಕೆಲಸ ನಿಜ, ಆದರೆ ಅವಸರ ಮಾಡಿದರೆ ಆಗುವುದಿಲ್ಲ.

ಸ್ಟ್ರೈಕರ್ ಸರಿಸಿ ಸರಿಸಿ ಸುಸ್ತಾಗುವ ಎಷ್ಟೋ ಜನ ಬಾಗಿಲ ಎರಡೂ ಬದಿಯ ರಬ್ಬರ್ ಬಂಪರ್‌ಗಳನ್ನು ನೋಡುವುದೇ ಇಲ್ಲ. ಇವು ತಿರುಗಿಸಿದರೆ ಮೇಲೆ ಕೆಳಗೆ ಹೋಗುತ್ತವೆ. ಜಾಸ್ತಿ ಹೊರಗೆ ಬಂದಿದ್ದರೆ ಬಾಗಿಲು ಪೂರ್ತಿ ಕೂರಲು ಬಿಡುವುದಿಲ್ಲ, ಹ್ಯಾಂಡಲ್ ಕೂಡ ಬಿಗಿಯಾಗುತ್ತದೆ. ಹೊಸ ರಬ್ಬರ್ ಬೀಡಿಂಗ್ ಹಾಕಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಕಾರಣ ಆ ರಬ್ಬರ್‌ನ ದಪ್ಪ. ಅದು ಹೊಂದಿಕೊಳ್ಳಲು ಸ್ವಲ್ಪ ದಿನ ಕೊಡಿ.

ಕೊನೆಗೆ ಕಾಗದದ ಪರೀಕ್ಷೆ. ಕಾಗದದ ಪಟ್ಟಿಯನ್ನು ರಬ್ಬರ್ ಮೇಲಿಟ್ಟು ಬಾಗಿಲು ಹಾಕಿ ಎಳೆಯಿರಿ. ಸುತ್ತಲೂ ಒಂದೇ ಥರ ಹಿಡಿದು ಬರಬೇಕು. ಸುಮ್ನೆ ಜಾರಿ ಬಂದ ಕಡೆ ನೀರು ಮತ್ತು ಹೊಗೆ ಒಳಗೆ ಬರುತ್ತವೆ.

ಗ್ಯಾಸ್ ಸ್ಟ್ರಟ್‌ಗೂ ಲಾಕ್‌ಗೂ ಸಂಬಂಧ ಇದೆಯಾ?

ಬಾಗಿಲನ್ನು ಮೇಲೆತ್ತಿ ಹಿಡಿಯುವ, ಗ್ಯಾಸ್ ತುಂಬಿದ ಕೊಳವೆಗಳೇ ಗ್ಯಾಸ್ ಸ್ಟ್ರಟ್. ಲಾಕ್‌ಗೆ ನೇರವಾಗಿ ಸಂಬಂಧ ಇಲ್ಲ. ಆದರೆ ಸೋತ ಸ್ಟ್ರಟ್ ಇದ್ದರೆ ಬಾಗಿಲು ತನ್ನ ಭಾರಕ್ಕೇ ಧಡ್ ಅಂತ ಬಿದ್ದು ಲ್ಯಾಚ್‌ಗೆ ಪೆಟ್ಟು ಕೊಡುತ್ತದೆ. ಲಾಕ್ ಕೆಲಸ ಮಾಡುವಾಗ ಬಾಗಿಲಿಗೆ ಗಟ್ಟಿ ಮರದ ಆಸರೆ ಕೊಡಿ, ಸ್ಟ್ರಟ್ ಮೇಲೆ ನಂಬಿಕೆ ಇಡಬೇಡಿ. ಬದಲಿಸುವಾಗ ಎರಡನ್ನೂ ಬದಲಿಸಿ, ಆದರೆ ಒಂದಾದ ಮೇಲೆ ಒಂದು. ಹಳೆಯದಕ್ಕೆ ತೂತು ಕೊರೆಯುವುದು, ಬೆಂಕಿಗೆ ಹಾಕುವುದು ಬೇಡವೇ ಬೇಡ. ಒಳಗೆ ಭಾರಿ ಒತ್ತಡದ ಅನಿಲ ಇರುತ್ತದೆ.

ಸೆಂಟ್ರಲ್ ಲಾಕಿಂಗ್ ಎಲ್ಲ ಬಾಗಿಲಿಗೂ ಕೆಲಸ ಮಾಡುತ್ತದೆ, ಹಿಂಬಾಗಿಲಿಗೆ ಮಾತ್ರ ಇಲ್ಲ.

ಆಕ್ಚುಯೇಟರ್ ಬೈಯುವ ಮೊದಲು ಮೇಲೆ ಕೀಲಿನ ಹತ್ತಿರ ನೋಡಿ. ಬಾಡಿಯಿಂದ ಬಾಗಿಲಿಗೆ ವೈರ್‌ಗಳು ಒಂದು ರಬ್ಬರ್ ಕೊಳವೆಯೊಳಗೆ ಹೋಗುತ್ತವೆ. ಬಾಗಿಲು ತೆರೆದಾಗ, ಹಾಕಿದಾಗ ಅವು ಅದೇ ಜಾಗದಲ್ಲಿ ಬಾಗುತ್ತವೆ. ವರ್ಷಾನುಗಟ್ಟಲೆ ಬಾಗಿ ಬಾಗಿ ತುಂಡಾಗುತ್ತವೆ. 1993ರವರೆಗೂ ತಯಾರಾದ ವೋಲ್ವೊ 240 ವ್ಯಾಗನ್ ಇಟ್ಟುಕೊಂಡವರಿಗೆ ಇದು ಚಿರಪರಿಚಿತ. ಲಾಕ್ ಜೊತೆಗೆ ಹಿಂದಿನ ವೈಪರ್, ಗಾಜಿನ ಹೀಟರ್, ನಂಬರ್ ಪ್ಲೇಟ್ ದೀಪ ಇವುಗಳಲ್ಲಿ ಒಂದಾದರೂ ಆಟವಾಡುತ್ತಿದ್ದರೆ ವೈರ್ ಅಂತಲೇ ತಿಳಿಯಿರಿ.

ರಬ್ಬರ್ ಕೊಳವೆ ಕೆಳಕ್ಕೆ ಸರಿಸಿ ಒಂದೊಂದೇ ವೈರ್ ಮೆಲ್ಲಗೆ ಎಳೆಯಿರಿ. ಹೊರಗಿನ ಕವಚ ಚೆನ್ನಾಗಿದ್ದು ಒಳಗಿನ ತಾಮ್ರ ತುಂಡಾಗಿದ್ದರೆ ಆ ಜಾಗ ಹಿಗ್ಗುತ್ತದೆ. ಸರಿಮಾಡುವಾಗ ಸಣ್ಣ ಎಳೆಗಳ ಮೆತ್ತನೆ ವೈರ್ ಬಳಸಿ. ಜೋಡಣೆ ಬಾಗುವ ಜಾಗದಲ್ಲಿ ಬರಬಾರದು, ಅದರಿಂದ ಆಚೆಗೆ ಇರಲಿ. ಅಲ್ಲೇ ಬೆಸೆದು ಟೇಪ್ ಸುತ್ತಿದರೆ ಮತ್ತೆ ತುಂಡಾಗುತ್ತದೆ.

ವೈರ್ ಸರಿಯಿದ್ದರೆ ಆಕ್ಚುಯೇಟರ್ ಶಬ್ದ ಕೇಳಿ. ಟಕ್ ಅಂದರೂ ರಾಡ್ ಪೂರ್ತಿ ಸರಿಯದಿದ್ದರೆ ರಾಡ್ ಕಳಚಿ, ಆಕ್ಚುಯೇಟರ್ ಒಂಟಿಯಾಗಿ ಓಡಿಸಿ ನೋಡಿ. ಒಂಟಿಯಾಗಿ ಚುರುಕಾಗಿ ಓಡಿದರೆ ದೋಷ ಮತ್ತೆ ಲ್ಯಾಚ್‌ನ ಕೊಳೆಯಲ್ಲೇ.

ಎಲ್ಲ ಸೆಂಟ್ರಲ್ ಲಾಕಿಂಗೂ ಕರೆಂಟಿನದ್ದಲ್ಲ. ಮರ್ಸಿಡಿಸ್ ಡಬ್ಲ್ಯೂ123 ಸಾಲಿನ ವ್ಯಾಗನ್‌ಗಳಲ್ಲಿ ಅದು ಎಂಜಿನ್‌ನ ವ್ಯಾಕ್ಯೂಮ್‌ನಿಂದ (ಗಾಳಿ ಎಳೆಯುವ ಶಕ್ತಿಯಿಂದ) ಓಡುತ್ತದೆ. ಗಾಡಿ ಆಗಷ್ಟೇ ನಿಲ್ಲಿಸಿದಾಗ ಲಾಕ್ ಸರಿಯಾಗಿದ್ದು, ಒಂದು ರಾತ್ರಿ ನಿಂತ ಮೇಲೆ ಕೆಲಸ ಮಾಡದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಹಳೇ ರಬ್ಬರ್ ಕೊಳವೆ ಮತ್ತು ಲಾಕ್ ಹತ್ತಿರದ ಡಯಾಫ್ರಂ (ರಬ್ಬರ್ ಪೊರೆ) ನೋಡಿ.

ನನ್ನದು ತೀರಾ ಹಳೇ ಅಮೆರಿಕನ್ ವ್ಯಾಗನ್. ಗಾಜು ಗೇಟ್‌ನೊಳಗೆ ಇಳಿಯುತ್ತದೆ. ಇದಕ್ಕೂ ಇದೇ ವಿಧಾನವಾ?

ತೊಳೆಯುವುದು, ಗ್ರೀಸ್ ಹಾಕುವುದು ಅದೇ. ಆದರೆ ಮೊದಲು ಗಾಜು ನೋಡಿ. ಕೆಳಕ್ಕೆ ಮಡಚುವ ಗೇಟ್‌ಗಳಲ್ಲಿ ಗಾಜು ಪೂರ್ತಿ ಇಳಿಯದ ಹೊರತು ಗೇಟ್ ತೆರೆಯಬಾರದು. ಬಹಳಷ್ಟು ಗಾಡಿಗಳಲ್ಲಿ ಅದನ್ನು ತಡೆಯಲು ಒಳಗೇ ಏರ್ಪಾಡಿರುತ್ತದೆ. ಗಾಜು ಒಂದು ಬೆರಳು ಮೇಲಿದ್ದರೂ ಲಾಕ್ ಜಾಮ್ ಆದ ಹಾಗೇ ಅನ್ನಿಸುತ್ತದೆ.

ಫೋರ್ಡ್ 1966ರ ಮಾಡೆಲ್‌ಗಳಲ್ಲಿ ತಂದ ‘ಮ್ಯಾಜಿಕ್ ಡೋರ್‌ಗೇಟ್’ ಕೆಳಕ್ಕೂ ಮಡಚುತ್ತದೆ, ಪಕ್ಕಕ್ಕೂ ತೆರೆಯುತ್ತದೆ. ಆಮೇಲೆ ಬೇರೆ ಕಂಪನಿಗಳೂ ಅಂಥದ್ದನ್ನು ಮಾಡಿದವು. ಇಂಥ ಗೇಟ್‌ನಲ್ಲಿ ಒಂದಕ್ಕಿಂತ ಹೆಚ್ಚು ಲ್ಯಾಚ್‌ಗಳಿರುತ್ತವೆ. ಒಂದು ದಿಕ್ಕಿಗೆ ತೆರೆದಾಗ ಇನ್ನೊಂದು ದಿಕ್ಕಿನದ್ದು ಬಿಡದಂತೆ ತಡೆ ಇರುತ್ತದೆ. ಗೇಟ್ ತೆರೆದಿಟ್ಟು ಲ್ಯಾಚ್‌ಗಳನ್ನು ಕೈಯಾರೆ ಆಡಿಸುವಾಗ ಆ ತಡೆ ಮೀರಿದರೆ ಇಡೀ ಗೇಟ್ ಕಳಚಿ ಬೀಳಬಹುದು. ಅದರ ಭಾರ ಕಡಿಮೆಯೇನಲ್ಲ. ಕೆಳಗೆ ಆಸರೆ ಕೊಟ್ಟೇ ಕೈ ಹಾಕಿ. 1971ರಿಂದ 1976ರವರೆಗಿನ ಜನರಲ್ ಮೋಟರ್ಸ್‌ನ ದೊಡ್ಡ ವ್ಯಾಗನ್‌ಗಳಲ್ಲಿ ಗಾಜು ಮೇಲೆ ಛಾವಣಿಯೊಳಗೆ ಹೋಗುತ್ತದೆ, ಗೇಟ್ ನೆಲದಡಿ ಜಾರುತ್ತದೆ. ಅದರಲ್ಲಿ ಹಳಿ, ರೋಲರ್‌ಗಳ ಕೆಲಸ ಜಾಸ್ತಿ. ಆ ಗಾಡಿಯದ್ದೇ ರಿಪೇರಿ ಮ್ಯಾನುವಲ್ ಇಲ್ಲದೆ ಬಿಚ್ಚಬೇಡಿ.

ಚಳಿಗೆ ಲಾಕ್ ಹೆಪ್ಪುಗಟ್ಟಿದರೆ ಬಿಸಿನೀರು ಹಾಕಬಹುದಾ?

ಬೇಡ. ಗಾಜು ಸೀಳಬಹುದು, ಆ ನೀರೇ ಮತ್ತೆ ಒಳಗೆ ಹೆಪ್ಪುಗಟ್ಟುತ್ತದೆ. ಆಲ್ಕೋಹಾಲ್ ಇರುವ ಡೀಐಸರ್ ಬಳಸಿ, ಅಥವಾ ಕೀ ಬಿಸಿ ಮಾಡಿ ಹಾಕಿ. ಚಿಪ್ ಇರುವ ಕೀ ಆದರೆ ಬಿಸಿ ಮಾಡಬೇಡಿ. ರಬ್ಬರ್ ಅಂಟಿಕೊಂಡಿದ್ದರೆ ಬಾಗಿಲ ಸುತ್ತ ಅಂಗೈಯಿಂದ ತಟ್ಟಿ ಬಿಡಿಸಿ.

ಬಾಗಿಲು ಸರಿಯಾಗಿ ಕೂರದಿದ್ದರೂ ಹಗ್ಗ ಕಟ್ಟಿ ಓಡಿಸಬಹುದಾ?

ದಯವಿಟ್ಟು ಬೇಡ. ಧೂಳನ್ನು ಎಳೆಯುವ ಅದೇ ಕಡಿಮೆ ಒತ್ತಡ ಸೈಲೆನ್ಸರ್ ಹೊಗೆಯನ್ನೂ ಒಳಕ್ಕೆ ಎಳೆಯುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತೂಕಡಿಕೆ ಬರುವಷ್ಟರಲ್ಲಿ ತಡವಾಗಿರಬಹುದು. ಹಿಂದೆ ಮುಖ ಮಾಡಿ ಕೂರುವ ಮೂರನೇ ಸಾಲಿನ ಸೀಟು ಇರುವ ಗಾಡಿಗಳಲ್ಲಿ ಮಕ್ಕಳು ಕೂರುವುದು ಬಾಗಿಲ ಪಕ್ಕದಲ್ಲೇ. ಅರ್ಧ ಲಾಕ್‌ನಲ್ಲಿರುವ ಬಾಗಿಲು ಹಳ್ಳಕ್ಕೆ ಬಿದ್ದಾಗ ತೆರೆದುಕೊಳ್ಳಲೂಬಹುದು. ಲಾಕ್ ಸರಿಯಾಗುವವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ.

ದಾರಿ ಮಧ್ಯೆ ಹಾಗಾಗಿ ಬೇರೆ ಗತಿಯೇ ಇಲ್ಲದಿದ್ದರೆ, ಬಾಗಿಲು ಬಿಗಿಯಾಗಿ ಕಟ್ಟಿ, ಮುಂದಿನ ಕಿಟಕಿಗಳನ್ನು ಪೂರ್ತಿ ಇಳಿಸಿ, ಫ್ಯಾನ್ ಅನ್ನು ಹೊರಗಾಳಿಗೆ ಇಟ್ಟು ಜೋರು ಮಾಡಿ, ಹತ್ತಿರದ ರಿಪೇರಿ ಜಾಗದವರೆಗೆ ಮಾತ್ರ ಹೋಗಿ.

ಲಾಕ್ ಬದಲಿಸಲೇಬೇಕು ಅಂತ ಗೊತ್ತಾಗುವುದು ಯಾವಾಗ?

ತೊಳೆದ ಮೇಲೂ ಸ್ಕ್ರೂಡ್ರೈವರ್ ಪರೀಕ್ಷೆಯಲ್ಲಿ ಕ್ಲಾ ಜಾರಿದರೆ. ಪಾಲ್‌ನ ಏಣು ಸವೆದಿದ್ದರೆ, ಬಿರುಕು ಕಂಡರೆ, ಸ್ಪ್ರಿಂಗ್ ಮುರಿದಿದ್ದರೆ. ಸವೆದ ಪಾಲ್‌ಗೆ ಅರ ಹಾಕಿ ಚೂಪು ಮಾಡುವ ಪ್ರಯತ್ನ ಬೇಡ. ಮೇಲ್ಮೈಯ ಗಟ್ಟಿ ಪದರ ಹೋದರೆ ಅದು ಇನ್ನೂ ಬೇಗ ಸವೆಯುತ್ತದೆ.

ಹಳೇ ಗಾಡಿಗಳಿಗೆ ಬಳಸಿದ ಲ್ಯಾಚ್ ತಂದು ಹಾಕುವುದು ತಪ್ಪಲ್ಲ. ತರುವಾಗ ಸ್ಟ್ರೈಕರ್ ಕೂಡ ಅದೇ ಗಾಡಿಯದ್ದು ತನ್ನಿ, ಅವೆರಡೂ ಒಟ್ಟಿಗೇ ಸವೆದಿರುತ್ತವೆ. ಬೋಲ್ಟ್ ತೂತುಗಳು, ಲಿವರ್‌ಗಳ ದಿಕ್ಕು, ಕನೆಕ್ಟರ್‌ನ ಪಿನ್‌ಗಳು ಹಳೆಯದಕ್ಕೆ ಹೊಂದುತ್ತವೆಯಾ ಅಂತ ಪಕ್ಕದಲ್ಲಿಟ್ಟು ನೋಡಿ. ಬ್ಯಾರೆಲ್ ಮಾತ್ರ ನಿಮ್ಮದೇ ಉಳಿಸಿಕೊಳ್ಳಿ, ಆಗ ಒಂದೇ ಕೀ ಎಲ್ಲದಕ್ಕೂ ಆಗುತ್ತದೆ. ಸ್ಟ್ರೈಕರ್ ಕೂತಿರುವ ತಗಡೇ ತುಕ್ಕು ಹಿಡಿದು ಟೊಳ್ಳಾಗಿದ್ದರೆ ಅದು ವೆಲ್ಡಿಂಗ್ ಕೆಲಸ. ಬಾಡಿ ಕೆಲಸ ಬಲ್ಲವರಿಗೇ ಕೊಡಿ.

ಒಮ್ಮೆ ಸರಿಮಾಡಿದ ಮೇಲೆ ಎಷ್ಟು ದಿನಕ್ಕೊಮ್ಮೆ ನೋಡಬೇಕು?

ವರ್ಷಕ್ಕೊಮ್ಮೆ, ಮಳೆ ಶುರುವಾಗುವ ಮೊದಲು ಒಂದು ಸಲ ನೋಡಿ. ಕ್ಲಾ ಒರೆಸಿ, ಚೂರು ಗ್ರೀಸ್ ಹಚ್ಚಿ, ನೀರಿನ ತೂತು ಬಿಡಿಸಿ. ರಿಮೋಟ್ ಇದ್ದರೂ ತಿಂಗಳಿಗೊಮ್ಮೆ ಕೀ ಹಾಕಿಯೇ ಹಿಂಬಾಗಿಲು ತೆರೆಯಿರಿ, ಬಿಲ್ಲೆಗಳು ಆಡುತ್ತಿರಲಿ. ಗಾಡಿ ತೊಳೆಯುವಾಗ ಪ್ರೆಶರ್ ನೀರನ್ನು ಕೀ ತೂತಿಗೂ ಲ್ಯಾಚ್‌ಗೂ ನೇರವಾಗಿ ಹೊಡೆಯಬೇಡಿ.